ಬಿಳುಪಿನ ಬೆಲೆ: ಕಣ್ಣಿಗೆ ಕಾಣದ ಕಣ ಮತ್ತು ಶ್ರಾವಕನ ಎಚ್ಚರ

ಮಹಾವೀರ ಜಯಂತಿಯೋ, ವಾರ್ಷಿಕ ರಥೋತ್ಸವವೋ, ಪಂಚಕಲ್ಯಾಣ ಮಹೋತ್ಸವವೋ ಸಮೀಪಿಸಿತೆಂದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯ ಊರುಗಳಲ್ಲಿ ಬಸದಿಯ ಗೋಡೆಗಳನ್ನು ಶುಭ್ರಗೊಳಿಸುವ ಕಾರ್ಯ ಮೊದಲಾಗುತ್ತದೆ. ಹಿಂದಿನ ತಲೆಮಾರಿನವರಿಗೆ ಇದಕ್ಕೆ ಸುಣ್ಣವೇ ಸಾಧನವಾಗಿತ್ತು. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ಒಂದೆರಡು ಮಳೆಗಾಲಕ್ಕೆ ಅದು ಮಾಸುತ್ತಿತ್ತು, ಮತ್ತೆ ಬಳಿಯುತ್ತಿದ್ದರು. ಇಂದು ಬಹುತೇಕ ಕಡೆ ಆ ಸ್ಥಾನವನ್ನು ಡಬ್ಬಿಯಲ್ಲಿ ಬರುವ ಬಣ್ಣ ಪಡೆದಿದೆ. ಅದರ ಬಿಳುಪು ಸುಣ್ಣದ ಬಿಳುಪಿಗಿಂತ ದಟ್ಟವಾದುದು, ಬಾಳಿಕೆಯೂ ಹೆಚ್ಚು.

ಈ ದಟ್ಟ ಬಿಳುಪಿಗೆ ಕಾರಣವಾದ ಪದಾರ್ಥದ ಹೆಸರು ಟೈಟಾನಿಯಂ ಡೈಆಕ್ಸೈಡ್. ಅದು ಗೋಡೆಯ ಬಣ್ಣಕ್ಕಷ್ಟೇ ಸೀಮಿತವಾಗಿಲ್ಲ. ಅನೇಕ ಟೂತ್‌ಪೇಸ್ಟುಗಳು, ಗುಳಿಗೆಗಳ ಹೊರಲೇಪ, ಚೂಯಿಂಗ್ ಗಮ್, ಮಿಠಾಯಿಗಳ ಮೇಲಿನ ಹೊಳಪಿನ ಕವಚ, ಮುಖಕ್ಕೆ ಹಚ್ಚುವ ಕ್ರೀಮು, ಬಿಳಿಯ ಪ್ಲಾಸ್ಟಿಕ್, ಕಾಗದ ಇವೆಲ್ಲವುಗಳಲ್ಲಿ ಅದು ಸೇರಿಕೊಂಡಿದೆ. ಜೈನ ಮನೆತನದ ಗೃಹಿಣಿಯು ಒಂದು ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಅದರಲ್ಲಿ ಕಂದಮೂಲವಿದೆಯೇ, ಜೇನುತುಪ್ಪವಿದೆಯೇ, ಮೊಟ್ಟೆ ಅಥವಾ ಜೆಲಟಿನ್ ಇದೆಯೇ ಎಂದು ಪರೀಕ್ಷಿಸುತ್ತಾಳೆ. ಟೈಟಾನಿಯಂ ಡೈಆಕ್ಸೈಡ್ ಈ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ಅದು ಖನಿಜ, ಯಾವ ಪ್ರಾಣಿಯಿಂದಲೂ ಬಂದುದಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಆದರೆ ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳು ಬೇರೊಂದು ಪ್ರಶ್ನೆಯನ್ನು ಎತ್ತಿದ್ದಾರೆ. ಈ ಪದಾರ್ಥದ ಅತಿ ಸೂಕ್ಷ್ಮ ಕಣಗಳು ಮಾನವ ದೇಹವನ್ನು ಹೊಕ್ಕರೆ ಏನಾಗುತ್ತದೆ? ಉತ್ತರ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಅಹಿಂಸೆಯನ್ನು ಪರಮ ಧರ್ಮವೆಂದು ನಂಬಿದ ಶ್ರಾವಕನು, ಹಾನಿಯು ಸಿದ್ಧವೂ ಆಗದ, ಸುಳ್ಳೆಂದು ತಳ್ಳಿಹಾಕಲೂ ಬಾರದ ಇಂತಹ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ವಿಚಾರಣೀಯವಾಗಿದೆ.

ಪದಾರ್ಥದ ಪರಿಚಯ

ಟೈಟಾನಿಯಂ ಎಂಬ ಲೋಹಧಾತುವನ್ನು 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಕಪ್ಪು ಮರಳಿನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಗುರುತಿಸಿದನು. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಈ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿ ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ, ಒಡಿಶಾದ ಛತ್ರಪುರಗಳ ಸಮುದ್ರತೀರದ ಮರಳಿನಲ್ಲಿ ಇಲ್ಮನೈಟ್ ಎಂಬ ಇದರ ಅದಿರು ಹೇರಳವಾಗಿದೆ. ತಿರುವನಂತಪುರದ ಬಳಿ 1946ರಲ್ಲಿ ಸ್ಥಾಪನೆಗೊಂಡ ಕಂಪನಿಯೇ ಭಾರತದಲ್ಲಿ ಟೈಟಾನಿಯಂ ಡೈಆಕ್ಸೈಡನ್ನು ತಯಾರಿಸಿದ ಮೊದಲನೆಯದು. ಬಣ್ಣದಲ್ಲಿ ಹಿಂದೆ ಬಳಕೆಯಲ್ಲಿದ್ದ ಸೀಸದ ಬಿಳುಪು ಪ್ರಸಿದ್ಧವಾದ ವಿಷ. ಅದರ ಸ್ಥಾನಕ್ಕೆ ಈ ಪದಾರ್ಥ ಬಂದುದು ಜನರ ಆರೋಗ್ಯಕ್ಕೆ ಲಾಭವೇ ಆಯಿತು ಎಂಬುದನ್ನು ಮರೆಯಬಾರದು.

ಪ್ರಶ್ನೆ ಇರುವುದು ಗಾತ್ರದಲ್ಲಿ. ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯ ಕಣಗಳನ್ನು ನ್ಯಾನೊಕಣಗಳೆನ್ನುತ್ತಾರೆ. ಗೋಡೆಯ ಬಣ್ಣಕ್ಕೆ ಹಾಕುವ ಪುಡಿಯ ಕಣಗಳು ಬಹುಮಟ್ಟಿಗೆ ಇದಕ್ಕಿಂತ ದೊಡ್ಡವು, 200ರಿಂದ 300 ನ್ಯಾನೊಮೀಟರ್ ಇರುತ್ತವೆ. ಆಹಾರದಲ್ಲಿ ಬಳಸುವ ಪುಡಿಯಲ್ಲಿ ದೊಡ್ಡವೂ ಸಣ್ಣವೂ ಬೆರೆತಿರುತ್ತವೆ. ಬಿಸಿಲಿನಿಂದ ರಕ್ಷಿಸುವ ಕ್ರೀಮುಗಳಲ್ಲಿ ಉದ್ದೇಶಪೂರ್ವಕವಾಗಿಯೇ ನ್ಯಾನೊಕಣಗಳನ್ನು ಬಳಸುವುದುಂಟು. ಹಾಗೆ ಮಾಡಿದರೆ ಚರ್ಮದ ಮೇಲೆ ಬಿಳಿಯ ಪದರ ಕಾಣುವುದಿಲ್ಲ.

ಕಣ ಚಿಕ್ಕದಾದರೆ ಅದರ ಗುಣ ಏಕೆ ಬದಲಾಗಬೇಕು? ಬೆಲ್ಲದ ಅಚ್ಚನ್ನು ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ಅದನ್ನೇ ಪುಡಿಮಾಡಿ ಹಾಕಿದರೆ ಕ್ಷಣದಲ್ಲಿ ಕರಗುತ್ತದೆ. ಪುಡಿಯಾದಷ್ಟೂ ಹೊರಮೈ ಹೆಚ್ಚುವುದೇ ಇದಕ್ಕೆ ಕಾರಣ. ಒಂದು ಸೆಂಟಿಮೀಟರ್ ಅಳತೆಯ ಘನಾಕೃತಿಯ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೊಮೀಟರಿನ ತುಂಡುಗಳನ್ನಾಗಿ ಮಾಡಿದರೆ ಎಲ್ಲ ತುಂಡುಗಳ ಹೊರಮೈ ಸೇರಿ 60 ಚದರ ಮೀಟರ್ ಆಗುತ್ತದೆ. ತೂಕ ಅಷ್ಟೇ, ಆದರೆ ದೇಹದ ಜೀವಕೋಶಗಳಿಗೆ ತಾಗುವ ಮೈ ಒಂದು ಲಕ್ಷ ಪಟ್ಟು. ಟೈಟಾನಿಯಂ ಡೈಆಕ್ಸೈಡ್ ನೀರಿನಲ್ಲಿ ಕರಗುವುದಿಲ್ಲವಾದುದರಿಂದ ಒಳಹೊಕ್ಕ ಕಣ ಅಲ್ಲಿಯೇ ಬಹುಕಾಲ ಉಳಿಯಬಲ್ಲದು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಪುದ್ಗಲವು ಅಣು ಮತ್ತು ಸ್ಕಂಧವೆಂದು ಎರಡು ಬಗೆಯಾಗಿ ನಿರೂಪಿತವಾಗಿದೆ. ಕುಂದಕುಂದಾಚಾರ್ಯರು ಸ್ಕಂಧಗಳಲ್ಲಿಯೂ ಸ್ಥೂಲ ಸೂಕ್ಷ್ಮ ಭೇದದಿಂದ ಆರು ಬಗೆಗಳನ್ನು ಹೇಳಿದ್ದಾರೆ. ಇದನ್ನು ನೋಡಿ ನ್ಯಾನೊಕಣವನ್ನು ನಮ್ಮ ಶಾಸ್ತ್ರಗಳು ಮೊದಲೇ ಕಂಡಿದ್ದವೆಂದು ಹೆಮ್ಮೆಪಡುವುದು ಸಲ್ಲದು. ನ್ಯಾನೊಕಣವು ಪರಮಾಣುವಲ್ಲ; ಸಾವಿರಾರು ಪರಮಾಣುಗಳು ಕೂಡಿದ ಸ್ಕಂಧವೇ ಸರಿ. ಶಾಸ್ತ್ರದಿಂದ ನಾವು ಪಡೆಯಬೇಕಾದುದು ಅಳತೆಯ ಅಂಕಿಗಳನ್ನಲ್ಲ, ಕಣ್ಣಿಗೆ ಕಾಣದುದರ ಬಗೆಗೂ ಹೊಣೆಗಾರಿಕೆ ಇದೆ ಎಂಬ ದೃಷ್ಟಿಯನ್ನು.

ದೇಹದ ಮೂರು ಬಾಗಿಲುಗಳು

ಸ್ಯಾದ್ವಾದವನ್ನು ಕೆಲವರು ಹೌದೂ ಅಲ್ಲವೂ ಎನ್ನುವ ಅನಿಶ್ಚಯವೆಂದು ತಪ್ಪಾಗಿ ತಿಳಿದಿದ್ದಾರೆ. ಯಾವ ಅಪೇಕ್ಷೆಯಿಂದ ಒಂದು ಮಾತು ಸತ್ಯವೆಂಬುದನ್ನು ಗೊತ್ತುಪಡಿಸಿ ಹೇಳುವುದೇ ಸ್ಯಾದ್ವಾದ. ಈ ಪದಾರ್ಥದ ವಿಷಯದಲ್ಲಿ ಆ ಕ್ರಮ ಬಹಳ ಉಪಯುಕ್ತ. ಟೈಟಾನಿಯಂ ಡೈಆಕ್ಸೈಡ್ ಹಾನಿಕರವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದು ಯಾವ ಬಾಗಿಲಿನಿಂದ ದೇಹವನ್ನು ಪ್ರವೇಶಿಸಿತು ಎಂಬುದನ್ನು ಮೊದಲು ಕೇಳಬೇಕು.

ಚರ್ಮದ ಅಪೇಕ್ಷೆಯಿಂದ ಭಯಕ್ಕೆ ಕಾರಣ ಅತ್ಯಲ್ಪ. ಗಾಯವಿಲ್ಲದ ಚರ್ಮದ ಮೇಲೆ ಹಚ್ಚಿದ ಕಣಗಳು ಬಹುತೇಕ ಮೇಲಿನ ನಿರ್ಜೀವ ಪದರದಲ್ಲಿಯೇ ಉಳಿಯುತ್ತವೆ ಎಂದು ಪರೀಕ್ಷೆಗಳು ತೋರಿಸಿವೆ. ಯುರೋಪಿನ ತಜ್ಞರ ಸಮಿತಿಯು 2013ರಲ್ಲಿ ಬಿಸಿಲು ತಡೆಯುವ ಕ್ರೀಮಿನಲ್ಲಿ ಶೇಕಡಾ 25ರವರೆಗೆ ಇದರ ನ್ಯಾನೊರೂಪದ ಬಳಕೆಯನ್ನು ಒಪ್ಪಿತು. ಆದರೆ ಉಸಿರಿನೊಡನೆ ಒಳಹೋಗುವಂತಹ ಸಿಂಪರಣೆಯ ರೂಪಕ್ಕೆ ಆ ಒಪ್ಪಿಗೆಯನ್ನು ಅನ್ವಯಿಸಲಿಲ್ಲ.

ಬಾಯಿಯ ಅಪೇಕ್ಷೆಯಿಂದ ವಿಷಯ ಸಂದೇಹಾಸ್ಪದವಾಗಿದೆ. ನುಂಗಿದ ಕಣಗಳಲ್ಲಿ ಬಹುಪಾಲು ಮಲದೊಡನೆ ಹೊರಬೀಳುತ್ತವೆ. ಅತ್ಯಲ್ಪ ಪಾಲು ಕರುಳಿನ ಗೋಡೆಯನ್ನು ದಾಟುತ್ತದೆ. ಮೃತರ ಯಕೃತ್ತು ಮತ್ತು ಗುಲ್ಮಗಳಲ್ಲಿ ಈ ಕಣಗಳನ್ನು ಸಂಶೋಧಕರು ಕಂಡಿದ್ದಾರೆ. ತಾಯಂದಿರ ಗರ್ಭವೇಷ್ಟನದಲ್ಲಿಯೂ ಕಂಡಿದ್ದಾರೆ. ಇರುವಿಕೆ ಮಾತ್ರದಿಂದ ರೋಗವೆಂದು ಹೇಳಲಾಗದು. ಆದರೆ ಪ್ರಯೋಗಶಾಲೆಯಲ್ಲಿ ಜೀವಕೋಶಗಳಿಗೆ ಇವು ತಾಗಿದಾಗ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ, ಉರಿಯೂತ ಉಂಟಾಗಿ, ಆನುವಂಶಿಕ ದ್ರವ್ಯಕ್ಕೆ ಧಕ್ಕೆಯಾದುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. 2017ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಿಗೆ ನೂರು ದಿನ ಇದನ್ನು ಕೊಟ್ಟಾಗ ಕೆಲವು ಇಲಿಗಳ ದೊಡ್ಡ ಕರುಳಿನಲ್ಲಿ ಅರ್ಬುದಕ್ಕೆ ಪೂರ್ವಭಾವಿಯಾದ ಬದಲಾವಣೆಗಳನ್ನು ಗಮನಿಸಿದರು. ಮಿಠಾಯಿಗಳನ್ನು ಹೆಚ್ಚು ತಿನ್ನುವವರು ಮಕ್ಕಳಾದುದರಿಂದ ದೇಹದ ತೂಕಕ್ಕೆ ಹೋಲಿಸಿದರೆ ಅವರ ಸೇವನೆಯೇ ಅಧಿಕ.

ಉಸಿರಿನ ಅಪೇಕ್ಷೆಯಿಂದ ಎಚ್ಚರಿಕೆ ಅತ್ಯವಶ್ಯ. ಒಣ ಧೂಳಾಗಿ ಒಳಹೊಕ್ಕ ಸೂಕ್ಷ್ಮ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ತಲುಪುತ್ತವೆ. ಅವುಗಳನ್ನು ನುಂಗಿ ಹೊರಹಾಕಲು ಕಾವಲಿನ ಜೀವಕೋಶಗಳಿವೆ. ಧೂಳು ಮಿತಿಮೀರಿದರೆ ಆ ಕಾವಲುಗಾರರೇ ಸೋಲುತ್ತಾರೆ, ಉರಿಯೂತ ಬೇರೂರುತ್ತದೆ. ಇಲಿಗಳಲ್ಲಿ ಅತಿಯಾದ ಪ್ರಮಾಣದ ಧೂಳಿನಿಂದ ಶ್ವಾಸಕೋಶದ ಗಡ್ಡೆಗಳು ಕಾಣಿಸಿಕೊಂಡವು. ಕಾರ್ಖಾನೆಯ ಕಾರ್ಮಿಕರ ಸಮೀಕ್ಷೆಗಳಿಂದ ಮನುಷ್ಯರಲ್ಲಿ ಹಾಗಾಗುವುದೆಂದು ಸಿದ್ಧವಾಗಿಲ್ಲ. ಈ ಎರಡನ್ನೂ ತೂಗಿ ನೋಡಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2006ರಲ್ಲಿ ಇದನ್ನು ಮನುಷ್ಯರಿಗೆ ಅರ್ಬುದಕಾರಿಯಾಗಿರಬಹುದಾದ ಪದಾರ್ಥಗಳ ಗುಂಪಿಗೆ ಸೇರಿಸಿತು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯು 2011ರಲ್ಲಿ ದಪ್ಪ ಕಣದ ಧೂಳಿಗೆ ಒಂದು ಘನಮೀಟರ್ ಗಾಳಿಯಲ್ಲಿ 2.4 ಮಿಲಿಗ್ರಾಂ ಮಿತಿಯನ್ನೂ ಅತಿಸೂಕ್ಷ್ಮ ಕಣಕ್ಕೆ 0.3 ಮಿಲಿಗ್ರಾಂ ಮಿತಿಯನ್ನೂ ಸೂಚಿಸಿತು. ಪದಾರ್ಥ ಒಂದೇ; ಕಣ ಚಿಕ್ಕದಾಯಿತೆಂದು ಮಿತಿ ಎಂಟನೆಯ ಒಂದು ಪಾಲಿಗೆ ಇಳಿಯಿತು.

ತಜ್ಞರ ಭಿನ್ನಾಭಿಪ್ರಾಯ

ಆಹಾರದ ವಿಷಯದಲ್ಲಿ ಲೋಕದ ತಜ್ಞರು ಏಕಾಭಿಪ್ರಾಯಕ್ಕೆ ಬಂದಿಲ್ಲ. ಫ್ರಾನ್ಸ್ 2020ರ ಆರಂಭದಿಂದ ಆಹಾರದಲ್ಲಿ ಇದನ್ನು ನಿಲ್ಲಿಸಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2021ರ ಮೇ ತಿಂಗಳಲ್ಲಿ, ಆನುವಂಶಿಕ ದ್ರವ್ಯಕ್ಕೆ ಹಾನಿಯಾಗುವ ಶಂಕೆಯನ್ನು ತಳ್ಳಿಹಾಕಲಾಗದಿರುವುದರಿಂದ ಸುರಕ್ಷಿತ ಪ್ರಮಾಣ ಇಷ್ಟೆಂದು ಹೇಳಲು ಬಾರದು ಎಂದಿತು. 2022ರಲ್ಲಿ ಯುರೋಪ್ ಒಕ್ಕೂಟವು ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಕೆನಡಾದ ಆರೋಗ್ಯ ಇಲಾಖೆಯು ಅದೇ ವಿಷಯವನ್ನು ಪರಿಶೀಲಿಸಿ, ಆತಂಕಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದಿತು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ಸಮಿತಿಯು 2023ರಲ್ಲಿ ತನ್ನ ಹಳೆಯ ಅನುಕೂಲ ಅಭಿಪ್ರಾಯವನ್ನೇ ಉಳಿಸಿಕೊಂಡಿತು. ಭಾರತದಲ್ಲಿ ಕೆಲವು ಆಹಾರಗಳಲ್ಲಿ ನಿಯಮಬದ್ಧವಾಗಿ ಇದಕ್ಕೆ ಅನುಮತಿಯಿದೆ. ಔಷಧಗಳ ಕೊರತೆ ತಲೆದೋರಬಾರದೆಂದು ಯುರೋಪಿನಲ್ಲಿಯೂ ಗುಳಿಗೆಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಲಿಲ್ಲ.

ಇವರಲ್ಲಿ ಒಂದು ಪಕ್ಷದವರು ಪ್ರಾಮಾಣಿಕರು, ಇನ್ನೊಂದು ಪಕ್ಷದವರು ಅಪ್ರಾಮಾಣಿಕರು ಎಂದು ಬಗೆಯುವುದು ಅನ್ಯಾಯ. ಒಬ್ಬರು ಹಾನಿ ಸಿದ್ಧವಾಗಿದೆಯೇ ಎಂದು ಕೇಳಿದರು. ಇನ್ನೊಬ್ಬರು ನಿರಪಾಯವೆಂಬುದು ಸಿದ್ಧವಾಗಿದೆಯೇ ಎಂದು ಕೇಳಿದರು. ಪ್ರಶ್ನೆ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಶ್ರಾವಕನು ತನ್ನ ಮನೆಯಲ್ಲಿ, ಅಂಗಡಿಯಲ್ಲಿ, ಬಸದಿಯಲ್ಲಿ ಈ ಎರಡರಲ್ಲಿ ಯಾವ ಪ್ರಶ್ನೆಯನ್ನು ಕೇಳಬೇಕು?

ಸಂದೇಹದ ಲೆಕ್ಕ

ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಬಿಡಲಿಲ್ಲ. ಅದಕ್ಕೆ ಪ್ರಮಾದದ ಸಂಬಂಧವನ್ನು ಕೂಡಿಸಿದರು. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಕಾಣದೆ ಸಿಕ್ಕ ಜೀವಕ್ಕೂ, ಅಜಾಗರೂಕತೆಯಿಂದ ನಡೆಯುವವನ ಕಾಲಡಿಯಲ್ಲಿ ಸಿಕ್ಕ ಜೀವಕ್ಕೂ ನೋವು ಒಂದೇ. ಕರ್ಮಬಂಧ ಮಾತ್ರ ಒಂದೇ ಅಲ್ಲ. ಅಜಾಗರೂಕನ ಕಾಲಡಿಯಲ್ಲಿ ಆ ದಿನ ಯಾವ ಜೀವವೂ ಸಿಗದಿದ್ದರೂ ಅವನ ಪ್ರಮಾದಕ್ಕೆ ಅವನೇ ಹೊಣೆ. ಹೀಗಿರುವಾಗ ಹಾನಿ ಸಿದ್ಧವಾಗುವವರೆಗೆ ನಮಗೆ ಕರ್ತವ್ಯವೇ ಇಲ್ಲ ಎನ್ನುವ ವಾದ ಜೈನ ನೀತಿಗೆ ಹೊಂದುವುದಿಲ್ಲ. ಸರಕಾರ ಅನುಮತಿಸಿದೆ ಎಂಬುದು ದಂಡದಿಂದ ಪಾರಾಗಲು ಸಾಕು, ಆತ್ಮಪರೀಕ್ಷೆಗೆ ಸಾಲದು.

ಇನ್ನೊಂದು ತುದಿಯೂ ತಪ್ಪೇ. ಸಂಶಯವಿದ್ದುದನ್ನೆಲ್ಲ ತ್ಯಜಿಸಬೇಕೆಂದರೆ ಗೃಹಸ್ಥನ ಬಾಳು ನಡೆಯದು. ಗೃಹಸ್ಥನಿಗೆ ಆರಂಭಿ ಮತ್ತು ಉದ್ಯೋಗಿ ಹಿಂಸೆಗಳು ಪೂರ್ಣವಾಗಿ ತಪ್ಪವು ಎಂಬುದನ್ನು ಆಚಾರ್ಯರೇ ಒಪ್ಪಿದ್ದಾರೆ. ಗುಳಿಗೆಯ ಹೊರಲೇಪದಲ್ಲಿ ಈ ಪದಾರ್ಥವಿದೆ ಎಂಬ ಭಯದಿಂದ ರಕ್ತದೊತ್ತಡದ ಔಷಧವನ್ನು ಬಿಟ್ಟ ವೃದ್ಧರು ತಮ್ಮ ದೇಹಕ್ಕೇ ನಿಶ್ಚಿತ ಹಿಂಸೆಯನ್ನು ತಂದುಕೊಂಡಂತಾಗುತ್ತದೆ. ಸಂದಿಗ್ಧವಾದ ಅಪಾಯಕ್ಕಾಗಿ ನಿಶ್ಚಿತ ಅಪಾಯವನ್ನು ಕೊಳ್ಳುವುದು ವಿವೇಕವಲ್ಲ.

ವ್ಯಾಪಾರಿಗಳಿಗೆ ಈ ನಡುವಣ ಮಾರ್ಗ ಹೊಸದಲ್ಲ. ದೀಪಾವಳಿಯ ಹೊತ್ತಿಗೆ ಲೆಕ್ಕ ನೋಡುವಾಗ ಬರುವುದೋ ಬಾರದೋ ಎನ್ನುವ ಬಾಕಿಗಳು ಎದುರಾಗುತ್ತವೆ. ಜಾಣನಾದ ವ್ಯಾಪಾರಿ ಅವನ್ನು ಒಮ್ಮೆಲೇ ಮುಳುಗಿದವೆಂದು ಬರೆದುಹಾಕುವುದಿಲ್ಲ. ಪೂರ್ತಿ ಬಂದೇ ಬರುವುದೆಂದು ಲಾಭಕ್ಕೆ ಸೇರಿಸಿಕೊಳ್ಳುವುದೂ ಇಲ್ಲ. ಸಂಶಯದ ಪ್ರಮಾಣಕ್ಕೆ ತಕ್ಕಂತೆ ಲಾಭದಿಂದ ಒಂದಷ್ಟನ್ನು ತೆಗೆದು ಮೀಸಲಿಡುತ್ತಾನೆ. ಹಣದ ವಿಷಯದಲ್ಲಿ ಇಷ್ಟು ಎಚ್ಚರ ತೋರುವವನು ಜೀವದ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರವನ್ನು ತೋರಬಹುದೇ? ಆ ಮೀಸಲು ಎಷ್ಟಿರಬೇಕೆಂಬುದನ್ನು ಎರಡು ಪ್ರಶ್ನೆಗಳಿಂದ ತಿಳಿಯಬಹುದು. ಈ ಪದಾರ್ಥದಿಂದ ಇಲ್ಲಿ ಆಗುತ್ತಿರುವ ಪ್ರಯೋಜನವೇನು? ಅಪಾಯವೇನಾದರೂ ಇದ್ದರೆ ಅದನ್ನು ಹೊರುವವರು ಯಾರು?

ಮಿಠಾಯಿಯಲ್ಲಿ ಅದರ ಪ್ರಯೋಜನವೇನೆಂದು ನೋಡೋಣ. ಅದು ಪೋಷಣೆ ಕೊಡುವುದಿಲ್ಲ, ರುಚಿ ಕೊಡುವುದಿಲ್ಲ, ಕೆಡದಂತೆ ಕಾಯುವುದೂ ಇಲ್ಲ. ಕೊಡುವುದು ನೋಟವೊಂದನ್ನೇ. ಅಪಾಯವನ್ನು ಹೊರುವವನು ಕೇಳಲು ತಿಳಿಯದ ಬಾಲಕ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ಹಾನಿಗೆ ಎಡೆಮಾಡುವ ನಡೆ ಅದು. ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಸೇರಿದೆ. ಒಂದನ್ನು ಮತ್ತೊಂದರಂತೆ ತೋರಿಸಿ ಮಾರುವುದು ಅದರ ಅರ್ಥ. ಚೀಟಿಯಲ್ಲಿ ಹೆಸರು ಮುದ್ರಿಸಿ ಮಾರಿದ ಬಣ್ಣವನ್ನು ವಂಚನೆ ಎನ್ನಲಾಗದು. ಆದರೆ ಕಳಪೆ ಪದಾರ್ಥವು ಬಿಳುಪಿನ ಬಲದಿಂದ ಉತ್ತಮವೆಂದು ತೋರಿದಾಗ ವ್ಯಾಪಾರಿಯು ಆ ಅತಿಚಾರದ ಹೊಸ್ತಿಲಲ್ಲಿ ನಿಂತಿರುತ್ತಾನೆ.

ಆದ್ದರಿಂದ ಚೀಟಿಯಲ್ಲಿ ಬಣ್ಣದ ಕೆಳಗೆ 171 ಎಂಬ ಸಂಖ್ಯೆಯಿದ್ದರೆ ಆ ಮಿಠಾಯಿಯನ್ನು ಮಕ್ಕಳಿಗೆ ಕೊಡದಿರುವುದರಲ್ಲಿ ನಷ್ಟವಿಲ್ಲ. ಪೂಜೆಯ ನಂತರ ಹಂಚುವ ಪ್ರಭಾವನೆಗೆ ಬಣ್ಣದ ಕಾಗದದಲ್ಲಿ ಸುತ್ತಿದ ಚಾಕಲೇಟು ಬಂದುದು ಈಚೆಗೆ. ಕಲ್ಲುಸಕ್ಕರೆ, ಒಣಕೊಬ್ಬರಿ, ಪುಟಾಣಿ, ಮನೆಯಲ್ಲಿ ಮಾಡಿದ ಉಂಡೆಗಳಿಂದ ಪ್ರಭಾವನೆಯ ಮಹತ್ವ ಕುಂದುವುದಿಲ್ಲ.

ಗೋಡೆ ಉಜ್ಜುವವನ ಉಸಿರು

ಆದರೆ ತಿನ್ನುವವನ ಚಿಂತೆಯಲ್ಲಿಯೇ ನಾವು ನಿಂತರೆ ಇದ್ದುದರಲ್ಲಿ ಹೆಚ್ಚಿನ ಅಪಾಯಕ್ಕೆ ಗುರಿಯಾದವನನ್ನು ಮರೆತಂತೆ. ಮೂರು ಬಾಗಿಲುಗಳಲ್ಲಿ ಅತ್ಯಂತ ಎಚ್ಚರ ಬೇಡುವುದು ಉಸಿರಿನ ಬಾಗಿಲೆಂದು ಮೇಲೆ ಕಂಡೆವು. ನಮ್ಮ ಊರುಗಳಲ್ಲಿ ಆ ಬಾಗಿಲಿಗೆ ಧೂಳು ಬಡಿಯುವುದು ಯಾರಿಗೆ? ಒಂದು ಬಸದಿಯನ್ನು ಕಲ್ಪಿಸಿಕೊಳ್ಳೋಣ. ಉತ್ಸವಕ್ಕೆ ಹದಿನೈದು ದಿನಗಳಿವೆ. ಟ್ರಸ್ಟಿನ ಸಭೆಯಲ್ಲಿ ಅತಿ ಕಡಿಮೆ ದರ ಹೇಳಿದವನಿಗೆ ಗುತ್ತಿಗೆ ಸಿಕ್ಕಿದೆ. ಪಕ್ಕದ ಹಳ್ಳಿಯಿಂದ ಬಂದ ಇಬ್ಬರು ಹುಡುಗರು ಬಾಗಿಲು ಮುಚ್ಚಿದ ಮಂಟಪದೊಳಗೆ ಹಳೆಯ ಬಣ್ಣವನ್ನೂ ಪುಟ್ಟಿಯನ್ನೂ ಮರಳುಕಾಗದದಿಂದ ಒಣಗಿದಂತೆಯೇ ಉಜ್ಜುತ್ತಿದ್ದಾರೆ. ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾಗಿವೆ. ಮೂಗಿಗೆ ಕಟ್ಟಿಕೊಂಡಿರುವುದು ಹೆಗಲ ಮೇಲಿನ ವಸ್ತ್ರ. ಯಾರಾದರೂ ಕೇಳಿದರೆ, “ಏನಾಗ್ತದ್ರೀ, ದಿನಾ ಮಾಡೋ ಕೆಲಸಾನ ಐತಿ” ಎನ್ನುತ್ತಾರೆ.

ಅದೇ ಬಸದಿಯ ಅಂಗಳದಲ್ಲಿ ಅಭಿಷೇಕದ ನೀರನ್ನು ಎರಡು ಪದರದ ಬಟ್ಟೆಯಿಂದ ಗಾಳಿಸುತ್ತಾರೆ. ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುವ ಜೀವಾಣಿ ವಿಧಿಯನ್ನೂ ಪಾಲಿಸುತ್ತಾರೆ. ಕಣ್ಣಿಗೆ ಕಾಣದ ಜೀವಕ್ಕೆ ತೋರಿದ ಈ ಕರುಣೆ ಜಗತ್ತಿನಲ್ಲಿ ವಿರಳ. ಆದರೆ ಅಲ್ಲಿಂದ ಹತ್ತು ಹೆಜ್ಜೆಯಾಚೆ ಕಣ್ಣಿಗೆ ಕಾಣುವ ಪಂಚೇಂದ್ರಿಯ ಜೀವಿಯೊಬ್ಬನ ಉಸಿರನ್ನು ಗಾಳಿಸುವ ವ್ಯವಸ್ಥೆ ಇಲ್ಲ.

ಕೆಲಸಗಾರನೇ ಒಪ್ಪಿಕೊಂಡಿರುವಾಗ ಟ್ರಸ್ಟಿನ ದೋಷವೇನು ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದ ಕರ್ಮ ಬಂಧಿಸುತ್ತದೆ ಎನ್ನುವ ಸಿದ್ಧಾಂತ ಇಂತಹ ಪ್ರಶ್ನೆಗೆ ಉತ್ತರವಾಗಿಯೇ ಇದೆ. ಗುತ್ತಿಗೆ ಕೊಟ್ಟವರು ಕಾರಿತದಿಂದ, ಕಡಿಮೆ ದರಕ್ಕೆ ತಲೆದೂಗಿದವರು ಅನುಮೋದನದಿಂದ ಅದರಲ್ಲಿ ಪಾಲುದಾರರು. ತಿಳಿಯದವನ ಒಪ್ಪಿಗೆಯಿಂದ ತಿಳಿದವನ ಹೊಣೆ ಇಳಿಯುವುದಿಲ್ಲ.

ಇಲ್ಲಿ ಅತಿಶಯೋಕ್ತಿ ಸಲ್ಲದು. ಗೋಡೆಯಿಂದ ಏಳುವ ಧೂಳಿನಲ್ಲಿ ಟೈಟಾನಿಯಂ ಡೈಆಕ್ಸೈಡಿನ ಕಣಗಳು ಬಹುಮಟ್ಟಿಗೆ ಬಣ್ಣದ ಅಂಟಿನೊಳಗೆ ಸಿಲುಕಿಕೊಂಡಿರುತ್ತವೆ. ಎಲ್ಲವೂ ಬಿಡಿಯಾದ ನ್ಯಾನೊಕಣಗಳಲ್ಲ. ಗೋಡೆಯ ಮೇಲೆ ಒಣಗಿ ನಿಂತ ಬಣ್ಣದಿಂದ ದರ್ಶನಕ್ಕೆ ಬರುವವರು ಭಯಪಡಬೇಕಾದುದೂ ಇಲ್ಲ. ಆದರೆ ಉಜ್ಜುವವನು ಉಸಿರಾಡುವುದು ಒಂದು ದಿನದ ಧೂಳನ್ನಲ್ಲ, ಜೀವಮಾನದ ಧೂಳನ್ನು. ಅದರಲ್ಲಿ ಪುಟ್ಟಿಯ, ಸಿಮೆಂಟಿನ, ಮರಳಿನ ಅಂಶಗಳೂ ಇರುತ್ತವೆ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು; ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿದ ಭಾರತದ ನಿಯಮ ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಸೀಸದ ಹಾನಿಯಲ್ಲಿ ಯಾವ ಸಂದೇಹವೂ ಇಲ್ಲ.

ಸುಣ್ಣಕ್ಕೆ ಮರಳಬೇಕೆಂಬ ಸಲಹೆಯೂ ಕೇಳಿಬರುತ್ತದೆ. ಗಾರೆಯ ಹಳೆಯ ಗೋಡೆಗಳು ತೇವವನ್ನು ಹೊರಬಿಡಲು ಸುಣ್ಣವೇ ತಕ್ಕುದು ಎಂಬುದು ನಿಜ. ಆದರೆ ಅದೂ ಕಣ್ಣಿಗೆ ಸಿಡಿದರೆ ಸುಡುತ್ತದೆ, ಕೈಯನ್ನು ಬಿರಿಯಿಸುತ್ತದೆ. ಪದಾರ್ಥವನ್ನು ಬದಲಿಸಿದ ಮಾತ್ರಕ್ಕೆ ಪ್ರಮಾದ ತೊಲಗುವುದಿಲ್ಲ.

ಮಾಡಬೇಕಾದುದು ಕಷ್ಟಸಾಧ್ಯವಲ್ಲ. ಗೋಡೆಯನ್ನು ಒಣಗಿದಂತೆ ಉಜ್ಜದೆ ನೀರು ಸಿಂಪಡಿಸಿ ಉಜ್ಜಿಸಬೇಕು. ಧೂಳು ಏಳುವುದೇ ಬಹುಪಾಲು ನಿಲ್ಲುತ್ತದೆ. ಹೆಗಲ ವಸ್ತ್ರವಾಗಲಿ ತೆಳುವಾದ ಬಟ್ಟೆಯ ಮುಖಕವಚವಾಗಲಿ ಇಷ್ಟು ಸಣ್ಣ ಕಣವನ್ನು ತಡೆಯಲಾರದು. ಎನ್ 95 ಎಂಬ ಬಗೆಯ ಮುಖಕವಚವನ್ನು ಟ್ರಸ್ಟಿನ ಖರ್ಚಿನಲ್ಲಿಯೇ ತರಿಸಿ, ಮೂಗಿಗೆ ಬಿಗಿಯಾಗಿ ಕೂಡುವಂತೆ ತೊಡಿಸಬೇಕು. ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಕೆಲಸದ ನಂತರ ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಊಟಕ್ಕೆ ಮೊದಲು ಕೈ ಮುಖ ತೊಳೆಯಲು ನೀರೊದಗಿಸಬೇಕು. ಆ ಅವಧಿಯಲ್ಲಿ ಪಾಠಶಾಲೆಯ ಮಕ್ಕಳನ್ನು ಒಳಗೆ ಬಿಡಬಾರದು. ಉಳಿದ ಬಣ್ಣವನ್ನೂ ಕುಂಚ ತೊಳೆದ ನೀರನ್ನೂ ಬಾವಿ, ಕೆರೆ, ಕಾಲುವೆಗಳಿಗೆ ಸುರಿಯಬಾರದು. ಈ ಕರಾರುಗಳನ್ನು ಗುತ್ತಿಗೆಯ ಪತ್ರದಲ್ಲಿಯೇ ಬರೆಯಿಸಿ, ಅದಕ್ಕೆ ತಗಲುವ ಹೆಚ್ಚಿನ ಹಣವನ್ನು ದರದಲ್ಲಿ ಸೇರಿಸಿಕೊಡಬೇಕು. ಒಂದು ಉತ್ಸವದ ವಿದ್ಯುದ್ದೀಪಗಳ ಖರ್ಚಿನ ಮುಂದೆ ಅದು ಗಣನೆಗೆ ಬಾರದಷ್ಟು ಅಲ್ಪ.

ಪಂಪನ ಹೆಸರಿನೊಡನೆ ಬೆಸೆದುಕೊಂಡ ಅಣ್ಣಿಗೇರಿಯಂತಹ ಊರುಗಳಲ್ಲಿ ಪ್ರಾಚೀನ ಬಸದಿಗಳ ಕಲ್ಲುಗಳು ಯಾವ ಬಣ್ಣದ ಹಂಗೂ ಇಲ್ಲದೆ ಶತಮಾನಗಳಿಂದ ನಿಂತಿವೆ. ಧವಳ ವರ್ಣ ನಮಗೆ ಪವಿತ್ರವಾದುದು ಅದು ಕಣ್ಣನ್ನು ಕೋರೈಸುತ್ತದೆ ಎಂಬುದಕ್ಕಾಗಿ ಅಲ್ಲ, ನಿರ್ಮಲ ಪರಿಣಾಮದ ಸಂಕೇತವೆಂಬುದಕ್ಕಾಗಿ. ಟೈಟಾನಿಯಂ ಡೈಆಕ್ಸೈಡಿನ ಕುರಿತು ವಿಜ್ಞಾನಿಗಳ ಚರ್ಚೆ ಇನ್ನೂ ಮುಂದುವರಿಯಬಹುದು. ನಾಳೆ ಅದು ನಿರ್ದೋಷಿಯೆಂದೇ ಸಿದ್ಧವಾದರೂ ಕೆಲಸಗಾರನಿಗೆ ಮುಖಕವಚ ತೊಡಿಸಿದ ಟ್ರಸ್ಟಿಗೆ, ಮಗುವಿಗೆ ಚಾಕಲೇಟಿನ ಬದಲು ಕಲ್ಲುಸಕ್ಕರೆ ಕೊಟ್ಟ ತಾಯಿಗೆ ಯಾವ ನಷ್ಟವೂ ಆಗಿರುವುದಿಲ್ಲ. ಮುಂದಿನ ಉತ್ಸವದ ಸಿದ್ಧತಾ ಸಭೆಯಲ್ಲಿ ಬಣ್ಣದ ದರಪಟ್ಟಿಯನ್ನು ಓದುವ ಮೊದಲು ಅದನ್ನು ಬಳಿಯುವವರ ಉಸಿರಿನ ವಿಷಯವೂ ಒಂದು ಬಾರಿ ಚರ್ಚೆಗೆ ಬರಲಿ. ಅಹಿಂಸೆಯ ಧ್ವಜವನ್ನು ಏರಿಸುವ ಬಸದಿಯಲ್ಲಿ ಅದು ಕಾರ್ಯಸೂಚಿಯ ಮೊದಲನೆಯ ವಿಷಯವಾಗುವುದು ಯುಕ್ತ.